ಎಲ್‌ವಿಎಂ ಪೂಲ್‌ಗೆ ಹೊಸ 4 ಟಿಬಿ ಡಿಸ್ಕ್ ಸೇರಿಸಬೇಕು, ಒಳಗಿರುವ ಮದುವೆ ಫೋಟೊಗಳು ಹಾಗೇ ಉಳಿಯುತ್ತವೆಯಾ?

ಚಿಂತಾಮಣಿ_ಸ್ಟುಡಿಯೊ (ಭಾನುವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯಲ್ಲಿ ನಾನು, ನನ್ನ ತಂಗಿ ಸೇರಿ ಫೋಟೊ ಸ್ಟುಡಿಯೊ ನಡೆಸುತ್ತೇವೆ. ಕ್ಯಾಮೆರಾ ನಂದು, ಆಲ್ಬಂ ಕೆಲಸ ಅವಳದು. ಮೂರೂವರೆ ವರ್ಷದ ಹಿಂದೆ ಗೆಳೆಯನೊಬ್ಬ ಹಳೆ ಟವರ್ ಕಂಪ್ಯೂಟರ್‌ಗೆ ಉಬುಂಟು ಸರ್ವರ್ ಹಾಕಿ, ಎಲ್‌ವಿಎಂ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಪೂಲ್ ಆಗಿ ಬಳಸುವ ವ್ಯವಸ್ಥೆ) ಮಾಡಿ, ಮುಂದೆ ಜಾಗ ಸಾಲದಿದ್ದರೆ ಇನ್ನೊಂದು ಡಿಸ್ಕ್ ಸೇರಿಸಿದರೆ ಆಯಿತು ಎಂದು ಹೇಳಿ ಕೊಟ್ಟಿದ್ದ. ಅವನೀಗ ದುಬೈನಲ್ಲಿದ್ದಾನೆ, ಫೋನಿಗೆ ಸಿಗುವುದು ಅಪರೂಪ. ಆ ದಿನ ಈಗ ಬಂದಿದೆ.

ಒಳಗಿರುವುದು ಇಷ್ಟು. ಸಿಸ್ಟಂ ಇರುವುದು 480 ಜಿಬಿ ಎಸ್‌ಎಸ್‌ಡಿಯಲ್ಲಿ. ಫೋಟೊ, ವಿಡಿಯೊ ಎಲ್ಲ ಒಂದು 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಅದು 98% ತುಂಬಿದೆ. ಫೈಲ್ ಸಿಸ್ಟಂ (ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಪದ್ಧತಿ) ಇಎಕ್ಸ್‌ಟಿ4. ಈಗ ಆಷಾಢ, ಮದುವೆ ಇಲ್ಲ, ಹಾಗಾಗಿ ಉಸಿರಾಡಲು ಸ್ವಲ್ಪ ಸಮಯ ಇದೆ. ಆದರೆ ಶ್ರಾವಣಕ್ಕೆ ಎಂಟು ಮದುವೆ ಬುಕ್ ಆಗಿವೆ, ಒಂದೊಂದಕ್ಕೆ ಸುಮಾರು 150 ಜಿಬಿ ಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಹೊಸ 4 ಟಿಬಿ ಡಿಸ್ಕ್ ತಂದಿದ್ದೇನೆ. ಹಳೆ ಕಂಪ್ಯೂಟರಿನಿಂದ ಬಿಚ್ಚಿದ 1 ಟಿಬಿ ಡಿಸ್ಕ್ ಕೂಡ ಇದೆ, ಅದನ್ನೂ ಸುಮ್ನೆ ಇಡುವುದೇಕೆ, ಸೇರಿಸೋಣ ಅಂದುಕೊಂಡಿದ್ದೇನೆ. ವಿಜಿಎಸ್ ಕಮಾಂಡ್ ಕೊಟ್ಟರೆ ಹೀಗೆ ಬರುತ್ತದೆ (ವಿಜಿ ಅಂದರೆ ಪೂಲ್, ಪಿವಿ ಅಂದರೆ ಅದಕ್ಕೆ ಕೊಟ್ಟ ಡಿಸ್ಕ್, ಎಲ್‌ವಿ ಅಂದರೆ ಪೂಲ್‌ನಿಂದ ಬಳಕೆಗೆ ತೆಗೆದ ಭಾಗ, ವಿಫ್ರೀ ಅಂದರೆ ಪೂಲ್‌ನಲ್ಲಿ ಹಂಚದೆ ಉಳಿದ ಜಾಗ):

ಉಬುಂಟು-ವಿಜಿ, ಪಿವಿ 1, ಎಲ್‌ವಿ 1, ವಿಸೈಜ್ 444ಜಿ, ವಿಫ್ರೀ 344ಜಿ
ಡೇಟಾ-ವಿಜಿ, ಪಿವಿ 1, ಎಲ್‌ವಿ 1, ವಿಸೈಜ್ 1.82ಟಿ, ವಿಫ್ರೀ 0

ನನ್ನ ಪ್ರಶ್ನೆ ಮೂರು. ಡಿಸ್ಕ್ ಸೇರಿಸುವಾಗ ಒಳಗಿರುವುದು ಅಳಿಸಿಹೋಗುತ್ತದೆಯಾ? 2, 4, 1 ಹೀಗೆ ಬೇರೆ ಬೇರೆ ಅಳತೆಯವು ಒಂದೇ ಪೂಲ್‌ನಲ್ಲಿ ಇರಬಹುದಾ? ಕೊನೆಗೆ ತಂಗಿಗೆ ಈಗಿನ ಹಾಗೇ ಒಂದೇ ಫೋಲ್ಡರ್ ಕಾಣಬೇಕು, ಅದು ಆಗುತ್ತದೆಯಾ? ಇದರಲ್ಲಿ ಜನರ ಮದುವೆಗಳಿವೆ. ತಪ್ಪಾದರೆ ಮತ್ತೆ ತೆಗೆಯಲು ಆಗುವುದಿಲ್ಲ. ಅದಕ್ಕೇ ಕೈ ಹಾಕುವ ಮುಂಚೆ ಕೇಳುತ್ತಿದ್ದೇನೆ.


ಶಿಡ್ಲಘಟ್ಟ_ಲಿನಕ್ಸ್ (ಭಾನುವಾರ, ರಾತ್ರಿ 10:35)

ನಮಸ್ಕಾರ ಅಣ್ಣ, ಪಕ್ಕದ ಊರಿನವನೇ. ಮೂರಕ್ಕೂ ಉತ್ತರ ಸಿಹಿಯಾದದ್ದೇ. ಸರಿಯಾಗಿ ಮಾಡಿದರೆ ಏನೂ ಅಳಿಸುವುದಿಲ್ಲ. ಅಳತೆ ಬೇರೆ ಬೇರೆ ಇದ್ದರೂ ನಡೆಯುತ್ತದೆ. ಫೋಲ್ಡರ್ ಒಂದೇ ಇರುತ್ತದೆ. ಕಂಪ್ಯೂಟರ್ ಆಫ್ ಮಾಡುವುದು ಡಿಸ್ಕ್ ಜೋಡಿಸುವಾಗ ಮಾತ್ರ, ಉಳಿದ ಕೆಲಸವೆಲ್ಲ ಅದು ಓಡುತ್ತಿರುವಾಗಲೇ.

ನಮ್ಮ ಕಡೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಿಮಗೆ ಎರಡು ಎಕರೆ ಟೊಮ್ಯಾಟೊ ತೋಟ ಇದೆ ಎಂದುಕೊಳ್ಳಿ. ಪಕ್ಕದ ನಾಲ್ಕು ಎಕರೆ ಕೊಂಡಿರಿ. ಮೊದಲು ಅಳತೆ ಮಾಡಿಸಿ ಕಲ್ಲು ನೆಡಬೇಕು, ಅದು ಪಿವಿಕ್ರಿಯೇಟ್. ಆಮೇಲೆ ಅದು ನಿಮ್ಮ ಖಾತೆಗೆ ಸೇರಬೇಕು, ಅದು ವಿಜಿಎಕ್ಸ್‌ಟೆಂಡ್. ನಡುವಿನ ಬೇಲಿ ಕಿತ್ತು ಒಂದೇ ತೋಟ ಮಾಡುವುದು ಎಲ್‌ವಿಎಕ್ಸ್‌ಟೆಂಡ್. ಇಷ್ಟಾದರೂ ಹೊಸ ಜಾಗಕ್ಕೆ ಡ್ರಿಪ್ ಪೈಪ್ ಎಳೆಯದೆ ಅಲ್ಲಿ ಒಂದು ಗಿಡವೂ ಬರುವುದಿಲ್ಲ ಅಲ್ವಾ? ಆ ಪೈಪ್ ಎಳೆಯುವುದೇ ಫೈಲ್ ಸಿಸ್ಟಂ ದೊಡ್ಡದು ಮಾಡುವುದು, ಇಎಕ್ಸ್‌ಟಿ4ಗೆ ರಿಸೈಜ್2ಎಫ್‌ಎಸ್. ಜಾಸ್ತಿ ಜನ ಮರೆಯುವುದು ಇದನ್ನೇ. ಎಲ್‌ವಿ ಅಳತೆ ತೋರಿಸುವ ಎಲ್‌ವಿಎಸ್‌ನಲ್ಲಿ ಜಾಗ ಬಂದಿದೆ, ಫೈಲ್ ಸಿಸ್ಟಂನ ಜಾಗ ತೋರಿಸುವ ಡಿಎಫ್‌ನಲ್ಲಿ ಬಂದಿಲ್ಲ ಎಂದು ಗಾಬರಿಯಾಗುತ್ತಾರೆ.

ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ, ಕಮಾಂಡ್ ಹೆಸರಿನ ನಡುವೆ ಜಾಗ ಬಿಡದೆ. ಎಲ್ಲದರ ಮೊದಲಿಗೆ ಸುಡೊ (ನಿರ್ವಾಹಕನ ಅಧಿಕಾರ ಕೊಡುವ ಪದ) ಇರಲಿ.

ಮೊದಲು ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಹೊಸ ಡಿಸ್ಕ್‌ನ ಹೆಸರು ನೋಡಿ, ಎಸ್‌ಡಿಸಿ ಅಂತ ಇರಬಹುದು. ಬರೀ ಹೆಸರು ನಂಬಬೇಡಿ. ಅದೇ ಕಮಾಂಡ್‌ಗೆ ಅಳತೆ, ಮಾಡೆಲ್, ಸೀರಿಯಲ್ ನಂಬರ್ ಕೂಡ ತೋರಿಸು ಎಂದು ಹೇಳಬಹುದು. ಆ ಸೀರಿಯಲ್ ನಂಬರ್ ಡಿಸ್ಕ್ ಮೇಲಿನ ಸ್ಟಿಕ್ಕರ್‌ಗೆ ಹೊಂದುತ್ತದೆಯಾ ನೋಡಿ. ಒಬ್ಬರು ಆತುರದಲ್ಲಿ ಬ್ಯಾಕಪ್ ಡಿಸ್ಕ್‌ನ ಹೆಸರು ಕೊಟ್ಟುಬಿಟ್ಟಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ) ಗುರುತು ಇದೆ, ಅಳಿಸಲಾ ಎಂದು ಪಿವಿಕ್ರಿಯೇಟ್ ಕೇಳಿಯೇ ಕೇಳಿತು. ಅವರು ಓದದೆ ವೈ ಒತ್ತಿದರು. ಹೊಸ ಡಿಸ್ಕ್‌ನಲ್ಲಿ ಅಂಥ ಪ್ರಶ್ನೆ ಬಂದರೆ ಅಲ್ಲೇ ನಿಲ್ಲಿಸಿ.

ಆಮೇಲೆ ಡಿಸ್ಕ್‌ಗೆ ಜಿಪಿಟಿ ಪಾರ್ಟಿಷನ್ ಟೇಬಲ್ ಹಾಕಿ ಒಂದೇ ಪಾರ್ಟಿಷನ್ ಮಾಡಿ. ಹಳೆ ಎಂಬಿಆರ್ 2 ಟಿಬಿಗಿಂತ ಆಚೆ ನೋಡುವುದಿಲ್ಲ, ಹಾಗಾಗಿ 4 ಟಿಬಿಗೆ ಜಿಪಿಟಿಯೇ ಬೇಕು. ಪಾರ್ಟಿಷನ್ ಇಲ್ಲದೆ ಇಡೀ ಡಿಸ್ಕನ್ನೇ ಎಲ್‌ವಿಎಂಗೆ ಕೊಡಬಹುದು, ಅದೂ ತಪ್ಪಲ್ಲ. ಆದರೆ ಮುಂದೆ ಯಾರಾದರೂ ಅದನ್ನು ಬಿಚ್ಚಿ ವಿಂಡೋಸ್‌ಗೆ ಸಿಕ್ಕಿಸಿದರೆ ಖಾಲಿ ಡಿಸ್ಕ್ ಅಂತ ಕಾಣುತ್ತದೆ, ಇನಿಷಿಯಲೈಸ್ ಮಾಡಲಾ ಎಂದು ಕೇಳುತ್ತದೆ. ಸ್ಟುಡಿಯೊದಲ್ಲಿ ವಿಂಡೋಸ್ ಇದ್ದೇ ಇರುತ್ತದೆ. ಪಾರ್ಟಿಷನ್ ಇದ್ದರೆ ಇಲ್ಲೇನೋ ಇದೆ ಎಂದಾದರೂ ಗೊತ್ತಾಗುತ್ತದೆ.

ಪಾರ್ಟಿಷನ್ ಆದ ಮೇಲೆ ಉಳಿದದ್ದು ಮೂರು ಸಾಲು.

ಪಿವಿಕ್ರಿಯೇಟ್ /ಡೆವ್/ಎಸ್‌ಡಿಸಿ1
ವಿಜಿಎಕ್ಸ್‌ಟೆಂಡ್ ಡೇಟಾ-ವಿಜಿ /ಡೆವ್/ಎಸ್‌ಡಿಸಿ1
ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ, ಕೊನೆಗೆ ನಿಮ್ಮ ಎಲ್‌ವಿ ಹೆಸರು

ಇಲ್ಲಿ ಆರ್ ಎನ್ನುವುದು ಸಣ್ಣಕ್ಷರ. ಅದನ್ನು ಹಾಕಿದರೆ ಡ್ರಿಪ್ ಪೈಪ್ ಕೆಲಸವೂ ಒಟ್ಟಿಗೆ ಆಗುತ್ತದೆ, ಬೇರೆ ಕಮಾಂಡ್ ಬೇಡ. ಎಲ್ ಸಣ್ಣದಾದರೆ ಶೇಕಡಾ ಲೆಕ್ಕ. ಇಷ್ಟೇ ಟಿಬಿ ಎಂದು ಹೇಳಬೇಕಾದರೆ ದೊಡ್ಡ ಎಲ್. ಮುಗಿದ ಮೇಲೆ 5.46 ಟಿ ಪೂಲ್ ಆಗುತ್ತದೆ.


ಅಂತರಗಂಗೆ_ಸಿಸ್ಟಂ (ಭಾನುವಾರ, ರಾತ್ರಿ 11:05)

ಕೋಲಾರದಿಂದ ಒಂದು ಸಣ್ಣ ಮಾತು. ಇಎಕ್ಸ್‌ಟಿ4 ತಾನಾಗಿಯೇ ಶೇ 5ರಷ್ಟು ಜಾಗವನ್ನು ರೂಟ್‌ಗೆ (ಸಿಸ್ಟಂನ ನಿರ್ವಾಹಕ ಬಳಕೆದಾರನಿಗೆ) ಎಂದು ಎತ್ತಿಡುತ್ತದೆ. ನಿಮ್ಮ 1.82 ಟಿಯಲ್ಲಿ ಅದು ಸುಮಾರು 93 ಜಿಬಿ. ಸಿಸ್ಟಂ ಇರುವ ಡಿಸ್ಕ್‌ಗೆ ಅದು ಬೇಕು. ಬರೀ ಫೋಟೊ ಇರುವ ಜಾಗಕ್ಕೆ ಅಷ್ಟು ಬೇಡ. ಟ್ಯೂನ್2ಎಫ್‌ಎಸ್ -ಎಂ 1 ಕೊಟ್ಟು ಎಲ್‌ವಿ ಹೆಸರು ಹೇಳಿದರೆ ಶೇ 1ಕ್ಕೆ ಇಳಿಯುತ್ತದೆ, 70 ಜಿಬಿಗಿಂತ ಜಾಸ್ತಿ ಜಾಗ ಅಲ್ಲೇ ಸಿಗುತ್ತದೆ. ಡಿಸ್ಕ್ ಸೇರಿಸುವ ಕೆಲಸ ನಿಧಾನವಾಗಿ ಮಾಡಿದರಾಯಿತು.


ತುಮಕೂರು_ಲ್ಯಾಬ್ (ಸೋಮವಾರ, ಬೆಳಿಗ್ಗೆ 6:20)

ಶಿಡ್ಲಘಟ್ಟದವರು ಹೇಳಿದ ಕ್ರಮದಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ನೀವು ಹಾಗೆ ಮಾಡಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ಇಪ್ಪತ್ತು ವರ್ಷ ಆಯಿತು. ಲಿನಕ್ಸ್‌ಗೆ ಈ ಎಲ್‌ವಿಎಂ ಬಂದದ್ದು 1998ರಲ್ಲಿ. ಹೈನ್ಜ್ ಮಾವೆಲ್ಸ್‌ಹಾಗೆನ್ ಎಂಬುವರು ಎಚ್‌ಪಿಯ ಯುನಿಕ್ಸ್‌ನಲ್ಲಿದ್ದ ವ್ಯವಸ್ಥೆ ನೋಡಿ ಬರೆದದ್ದು. ಹುಟ್ಟಿದ್ದೇ ದೊಡ್ಡ ಸರ್ವರ್‌ಗಳ ಲೋಕದಲ್ಲಿ. ಅಲ್ಲಿ ಎಲ್‌ವಿಎಂ ಕೆಳಗೆ ಸಾಮಾನ್ಯವಾಗಿ ರೇಡ್ ಇರುತ್ತದೆ, ಒಂದು ಡಿಸ್ಕ್ ಸತ್ತರೆ ಇನ್ನೊಂದು ಹೊರುತ್ತದೆ. ನಮ್ಮಂಥವರ ಮನೆ, ಅಂಗಡಿ, ಲ್ಯಾಬ್‌ಗಳಲ್ಲಿ ಕೆಳಗೆ ಏನೂ ಇರುವುದಿಲ್ಲ. ಬರೀ ಡಿಸ್ಕ್.

ನಮ್ಮ ಲ್ಯಾಬ್‌ನಲ್ಲಿ ಹೀಗೇ ಮೂರು ಡಿಸ್ಕ್ ಸೇರಿಸಿ ಒಂದೇ ದೊಡ್ಡ ಎಲ್‌ವಿ ಮಾಡಿದ್ದೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ನಡುವಿನ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಉಳಿದ ಎರಡು ಡಿಸ್ಕ್ ಗಟ್ಟಿಯಾಗಿದ್ದವು, ಆದರೂ ಫೈಲ್ ಸಿಸ್ಟಂ ಮೌಂಟ್ ಆಗಲಿಲ್ಲ. ಕಾಣೆಯಾದ ಡಿಸ್ಕ್ ಬಿಟ್ಟು ಎಲ್‌ವಿಯನ್ನು ಅರ್ಧಂಬರ್ಧ ಎಬ್ಬಿಸುವ ದಾರಿ ಇದೆ, ವಿಜಿಚೇಂಜ್‌ನಲ್ಲಿ ಪಾರ್ಷಿಯಲ್ ಎಂದು ಕೊಡಬೇಕು. ಅದನ್ನೂ ಮಾಡಿ ವಾರಗಟ್ಟಲೆ ಕೂತು ಫೈಲ್ ಹೆಕ್ಕಿದೆ. ಮಕ್ಕಳ ಪ್ರಾಜೆಕ್ಟ್‌ಗಳಲ್ಲಿ ಸುಮಾರು ಅರ್ಧ ಸಿಕ್ಕಿತು, ಉಳಿದದ್ದು ಹೋಯಿತು. ತಪ್ಪು ನನ್ನದೇ. ಪೂಲ್ ದೊಡ್ಡದಾಯಿತು ಎಂದು ಖುಷಿಪಟ್ಟೆ, ಅದು ಗಟ್ಟಿಯಾಗಲಿಲ್ಲ ಎನ್ನುವುದನ್ನು ಯೋಚಿಸಲೇ ಇಲ್ಲ.

ಒಂದು ಲೆಕ್ಕದ ಪುಸ್ತಕ ತುಂಬಿತು, ಮುಂದಿನ ಪುಟ ಇನ್ನೊಂದು ಪುಸ್ತಕದಲ್ಲಿ ಬರೆದಿರಿ. ಸಾಮಾನ್ಯ ಎಲ್‌ವಿ ಅಂದರೆ ಅಷ್ಟೇ. ಆದರೆ ಯಾವ ಪುಟದಲ್ಲಿ ಏನಿದೆ ಎಂಬ ಸೂಚಿ ಎರಡೂ ಪುಸ್ತಕಗಳಲ್ಲಿ ಅಲ್ಲಲ್ಲಿ ಹರಡಿರುತ್ತದೆ. ಒಂದು ಪುಸ್ತಕ ನೀರಿಗೆ ಬಿದ್ದರೆ ಇನ್ನೊಂದನ್ನು ಓದುವುದೂ ಕಷ್ಟ. ಡಿಸ್ಕ್ ಎರಡಾದರೆ ಯಾವುದಾದರೂ ಒಂದು ಕೆಡುವ ಸಂಭವ ಹೆಚ್ಚು ಕಡಿಮೆ ಎರಡು ಪಟ್ಟು. ಮೂರನೆಯದು ಹಳೆಯದಾದರೆ ಅದೇ ಎಲ್ಲವನ್ನೂ ಎಳೆದುಕೊಂಡು ಮುಳುಗುತ್ತದೆ.

ಹಾಗಾಗಿ ನನ್ನ ಸಲಹೆ ಬೇರೆ. ಹೊಸ 4 ಟಿಬಿಯನ್ನು ವಿಜಿಗೆ ಸೇರಿಸಿ, ಹೌದು. ಆದರೆ ಅಲ್ಲಿಗೆ ನಿಲ್ಲಬೇಡಿ. ಪಿವಿಮೂವ್ ಕೊಟ್ಟು ಹಳೆ 2 ಟಿಬಿಯಲ್ಲಿರುವುದನ್ನೆಲ್ಲ ಹೊಸದಕ್ಕೆ ಸಾಗಿಸಿ. ಆಮೇಲೆ ವಿಜಿರೆಡ್ಯೂಸ್ ಕೊಟ್ಟು ಹಳೆಯದನ್ನು ಪೂಲ್‌ನಿಂದ ಹೊರಗೆ ತೆಗೆಯಿರಿ. ಎಲ್‌ವಿ ಅದೇ, ಹೆಸರು ಅದೇ, ತಂಗಿಯವರ ಫೋಲ್ಡರ್ ಅದೇ. ಸಾಗಿಸುವಾಗಲೂ ಅವರು ಕೆಲಸ ಮಾಡುತ್ತಲೇ ಇರಬಹುದು, ಸ್ವಲ್ಪ ನಿಧಾನ ಅನ್ನಿಸುತ್ತದೆ ಅಷ್ಟೇ. ಕೊನೆಗೆ ಒಂದೇ ಡಿಸ್ಕ್ ಮೇಲೆ 3.64 ಟಿ ಸಿಗುತ್ತದೆ. 5.46 ಅಲ್ಲ, ನಿಜ. ಆದರೆ ಬಿಡುಗಡೆಯಾದ 2 ಟಿಬಿ ಬ್ಯಾಕಪ್‌ಗೆ ಸಿಗುತ್ತದೆ. ಈಗ ನಿಮಗೆ ಬ್ಯಾಕಪ್ ಇದೆಯಾ? ಪ್ರಶ್ನೆಯಲ್ಲಿ ಎಲ್ಲೂ ಹೇಳಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಇನ್ನು ಮೂರೂ ಡಿಸ್ಕ್‌ಗಳಿಗೆ, ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು 5, 9, 197 ಈ ಮೂರು ಸಾಲು ಇಲ್ಲಿ ಹಾಕಿ. 5 ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು. 9 ಅಂದರೆ ಎಷ್ಟು ಗಂಟೆ ಓಡಿದೆ. 197 ಅಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು. ಅದನ್ನು ನೋಡದೆ ಯಾವ ಡಿಸ್ಕನ್ನೂ ಎಲ್ಲಿಗೂ ಸೇರಿಸಬೇಡಿ.


ಶಿಡ್ಲಘಟ್ಟ_ಲಿನಕ್ಸ್ (ಸೋಮವಾರ, ಬೆಳಿಗ್ಗೆ 8:10)

ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಬ್ಯಾಕಪ್ ಇದೆಯಾ ಎಂದು ಮೊದಲು ಕೇಳಬೇಕಿತ್ತು. ಅಣ್ಣ, ಬ್ಯಾಕಪ್ ಇಲ್ಲದಿದ್ದರೆ ತುಮಕೂರಿನವರ ದಾರಿಯೇ ಸರಿ. ಎರಡಕ್ಕೂ ಮೊದಲ ಹೆಜ್ಜೆ ಒಂದೇ, ವಿಜಿಎಕ್ಸ್‌ಟೆಂಡ್ ತನಕ ಬದಲಾವಣೆ ಇಲ್ಲ.


ಚಿಂತಾಮಣಿ_ಸ್ಟುಡಿಯೊ (ಸೋಮವಾರ, ರಾತ್ರಿ 8:30)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲ್ಯಾಬ್ ಸರ್, ಬ್ಯಾಕಪ್ ಇಲ್ಲ. ಡೆಲಿವರಿ ಕೊಟ್ಟ ಆಲ್ಬಂ, ಪೆನ್‌ಡ್ರೈವ್ ಗಿರಾಕಿಗಳ ಹತ್ತಿರ ಇರುತ್ತವೆ. ಮೂಲ ಫೋಟೊಗಳು ಇಲ್ಲಿ ಮಾತ್ರ. ನಿಮ್ಮ ಲ್ಯಾಬ್ ಕತೆ ಓದಿ ತಂಗಿ ಇವತ್ತು ಊಟದ ಹೊತ್ತಿನಲ್ಲೂ ಅದನ್ನೇ ಮಾತಾಡುತ್ತಿದ್ದಳು.

ಸ್ಮಾರ್ಟ್ ಲೆಕ್ಕ ಹೀಗಿದೆ. ಈಗಿನ 2 ಟಿಬಿಯಲ್ಲಿ 5 ಸೊನ್ನೆ, 197 ಸೊನ್ನೆ, 31,000 ಗಂಟೆ ಓಡಿದೆ. ಹಳೆ 1 ಟಿಬಿಯಲ್ಲಿ 5ನೇ ಸಾಲು 40, 197ನೇ ಸಾಲು 16. ಹೊಸ 4 ಟಿಬಿಯಲ್ಲಿ ಎಲ್ಲ ಸೊನ್ನೆ.

ಕೋಲಾರದವರು ಹೇಳಿದ ಟ್ಯೂನ್2ಎಫ್‌ಎಸ್ ಮಾಡಿದೆ, 70 ಜಿಬಿಗಿಂತ ಜಾಸ್ತಿ ಜಾಗ ಬಂತು. ಇನ್ನು ಎರಡು ಅನುಮಾನ. ಪಿವಿಮೂವ್ ನಡೆಯುವಾಗ ಕರೆಂಟ್ ಹೋದರೆ? ನಮ್ಮಲ್ಲಿ ಯುಪಿಎಸ್ ಇದೆ, ಆದರೆ ಅರ್ಧ ಗಂಟೆಗಿಂತ ಜಾಸ್ತಿ ಬರುವುದಿಲ್ಲ. ಮತ್ತೆ, 4 ಟಿಬಿ ಎಂದು ದುಡ್ಡು ಕೊಟ್ಟದ್ದು 3.64 ಯಾಕೆ?


ತುಮಕೂರು_ಲ್ಯಾಬ್ (ಸೋಮವಾರ, ರಾತ್ರಿ 9:15)

1 ಟಿಬಿ ಡಿಸ್ಕ್ ಪೂಲ್‌ಗೂ ಬೇಡ, ಬ್ಯಾಕಪ್‌ಗೂ ಬೇಡ. 16 ಸೆಕ್ಟರ್ ಓದಲಾಗದೆ ಕಾಯುತ್ತಿವೆ ಅಂದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಒಳಗೆ ಬೇಕಾದ್ದೇನಾದರೂ ಇದ್ದರೆ ಇವತ್ತೇ ಕಾಪಿ ಮಾಡಿಕೊಳ್ಳಿ. 2 ಟಿಬಿ 31,000 ಗಂಟೆ ಅಂದರೆ ಮೂರೂವರೆ ವರ್ಷ ಬಿಡದೆ ಓಡಿದೆ, ಆರೋಗ್ಯ ಚೆನ್ನಾಗಿದೆ. ಬ್ಯಾಕಪ್ ಡಿಸ್ಕ್ ಆಗಲು ಸಾಕು. ವಾರಕ್ಕೊಮ್ಮೆ ಕೆಲವು ಗಂಟೆ ಮಾತ್ರ ಓಡುತ್ತದೆ.

ಹೊಸದು ಎಂದು ಕಣ್ಣು ಮುಚ್ಚಿ ನಂಬಬೇಡಿ. ಇವತ್ತು ರಾತ್ರಿ ಅದಕ್ಕೆ ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್ ಕೊಟ್ಟು ಮಲಗಿ. ಇಡೀ ಮೇಲ್ಮೈ ಓದಿ ನೋಡುತ್ತದೆ. 4 ಟಿಬಿಗೆ ಬೆಳಗಿನ ತನಕ ಬೇಕಾಗಬಹುದು. ತಪ್ಪಿಲ್ಲದೆ ಮುಗಿದರೆ ನಾಳೆ ಶುರು ಮಾಡಿ.

ಕರೆಂಟ್ ಹೋದರೆ ಭಯ ಬೇಡ. ಪಿವಿಮೂವ್ ಕೆಲಸ ಮಾಡುವುದು ಕನ್ನಡಿ ಹಿಡಿದ ಹಾಗೆ. ಒಂದು ಭಾಗವನ್ನು ಎರಡೂ ಡಿಸ್ಕ್‌ನಲ್ಲಿ ಸರಿಸಮ ಮಾಡಿ, ಆಮೇಲೆ ಮಾತ್ರ ಇನ್ನು ಮುಂದೆ ಈ ಭಾಗ ಹೊಸ ಡಿಸ್ಕ್‌ನಲ್ಲಿದೆ ಎಂದು ಬರೆದುಕೊಳ್ಳುತ್ತದೆ. ಅಲ್ಲಿಯ ತನಕ ಹಳೆಯದೇ ಅಸಲಿ. ನಡುವೆ ನಿಂತರೆ, ಮತ್ತೆ ಬೂಟ್ ಆದ ಮೇಲೆ ಡಿಸ್ಕ್ ಹೆಸರು ಏನೂ ಕೊಡದೆ ಬರೀ ಪಿವಿಮೂವ್ ಎಂದು ಕೊಟ್ಟರೆ ಕೊನೆಯ ಗುರುತಿನಿಂದ ಮುಂದುವರಿಯುತ್ತದೆ. ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರಿನಿಂದ ಸರ್ವರ್‌ಗೆ ಲಾಗಿನ್ ಆಗಿ) ಮಾಡುವುದಾದರೆ ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೆ ಕೊಡಿ, ಲ್ಯಾಪ್‌ಟಾಪ್ ಮುಚ್ಚಿದರೂ ಕೆಲಸ ನಿಲ್ಲುವುದಿಲ್ಲ.

3.64ರ ಲೆಕ್ಕದಲ್ಲಿ ಯಾರೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ನಾಲ್ಕು ಲಕ್ಷ ಕೋಟಿ ಬೈಟ್. ಎಲ್‌ವಿಎಂ 1024ರ ಲೆಕ್ಕದಲ್ಲಿ ತೋರಿಸುತ್ತದೆ. ನಾಲ್ಕು ಸಲ 1024ರಿಂದ ಭಾಗಿಸಿದರೆ 3.64 ಬರುತ್ತದೆ. ಬೈಟ್ ಅಷ್ಟೇ ಇವೆ.

ಕೊನೆಗೆ ಒಂದು ಮಾತು. ಎಲ್‌ವಿ ದೊಡ್ಡದು ಮಾಡುವಾಗ 100% ಕೊಡಬೇಡಿ. ದೊಡ್ಡ ಎಲ್ ಹಾಕಿ +1.6ಟಿ ಕೊಡಿ, ವಿಜಿಯಲ್ಲಿ ಸುಮಾರು 200 ಜಿಬಿ ಖಾಲಿ ಉಳಿಯಲಿ. ಸ್ನ್ಯಾಪ್‌ಶಾಟ್ (ಎಲ್‌ವಿ ಆ ಕ್ಷಣದಲ್ಲಿ ಇದ್ದ ಹಾಗೇ ಹಿಡಿದಿಡುವುದು) ತೆಗೆಯಲು ಅದು ಬೇಕು. ಬೆಳೆಸುವುದು ಒಂದು ಸಾಲಿನ ಕೆಲಸ, ಓಡುತ್ತಿರುವಾಗಲೇ ಆಗುತ್ತದೆ. ಕುಗ್ಗಿಸಬೇಕಾದರೆ ಇಎಕ್ಸ್‌ಟಿ4ನ್ನು ಅನ್‌ಮೌಂಟ್ ಮಾಡಿ ಮೊದಲು ಫೈಲ್ ಸಿಸ್ಟಂ, ಆಮೇಲೆ ಎಲ್‌ವಿ, ಈ ಕ್ರಮದಲ್ಲೇ ಹೋಗಬೇಕು. ಹಿಂದುಮುಂದಾದರೆ ಡೇಟಾ ಹೋಗುತ್ತದೆ. ಇದನ್ನು ಓದುತ್ತಿರುವ ಬೇರೆಯವರದು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಆಗಿದ್ದರೆ ಕುಗ್ಗಿಸುವ ಆಸೆಯನ್ನೇ ಬಿಡಬೇಕು.


ಶಿಡ್ಲಘಟ್ಟ_ಲಿನಕ್ಸ್ (ಸೋಮವಾರ, ರಾತ್ರಿ 10:00)

ಅಣ್ಣ, ನಿನ್ನೆ ನಾವ್ಯಾರೂ ಒಂದು ವಿಷಯ ಗಮನಿಸಲಿಲ್ಲ. ನೀವು ಹಾಕಿದ ವಿಜಿಎಸ್ ಮತ್ತೆ ನೋಡಿ. ಉಬುಂಟು-ವಿಜಿಯಲ್ಲಿ ವಿಫ್ರೀ 344ಜಿ ಇದೆ! ಉಬುಂಟು ಸರ್ವರ್ ಇನ್‌ಸ್ಟಾಲರ್ 200 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಸಿಸ್ಟಂ ಇರುವ ರೂಟ್ ಎಲ್‌ವಿಗೆ 100 ಜಿಬಿ ಕೊಟ್ಟು ಉಳಿದದ್ದನ್ನು ನಿಮ್ಮ ಇಷ್ಟಕ್ಕೆ ಬಿಡುತ್ತದೆ. ಮೂರೂವರೆ ವರ್ಷದಿಂದ ಆ ಜಾಗ ಎಸ್‌ಎಸ್‌ಡಿ ಮೇಲೆ ಹಾಗೇ ಕೂತಿದೆ.

ಅದನ್ನು ಡೇಟಾ-ವಿಜಿಗೆ ಸೇರಿಸಬೇಡಿ. ವೇಗದ ಡಿಸ್ಕ್, ನಿಧಾನದ ಡಿಸ್ಕ್ ಒಂದೇ ಎಲ್‌ವಿಯಲ್ಲಿ ಬೆರೆತರೆ ಯಾವ ಫೈಲ್ ಎಲ್ಲಿ ಬೀಳುತ್ತದೆ ಎನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಎಲ್‌ವಿಕ್ರಿಯೇಟ್ ಕೊಟ್ಟು ಅದೇ ವಿಜಿಯಲ್ಲಿ 250 ಜಿಬಿಯ ಎರಡನೇ ಎಲ್‌ವಿ ಮಾಡಿ, ಇಎಕ್ಸ್‌ಟಿ4 ಹಾಕಿ, ಸದ್ಯ ಎಡಿಟ್ ಮಾಡುತ್ತಿರುವ ಮದುವೆಯನ್ನು ಅಲ್ಲಿಡಿ. ಒಂದು ಮದುವೆ 150 ಜಿಬಿ ಅಂದಿರಿ, ಆರಾಮಾಗಿ ಹಿಡಿಯುತ್ತದೆ. ಸಾವಿರಾರು ಫೋಟೊ ಇರುವ ಫೋಲ್ಡರ್ ತೆರೆಯುವಾಗ ತಂಗಿಯವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮುಗಿದ ಮೇಲೆ ದೊಡ್ಡ ಡಿಸ್ಕ್‌ಗೆ ಸಾಗಿಸಿ.


ಚಿಂತಾಮಣಿ_ಸ್ಟುಡಿಯೊ (ಬುಧವಾರ, ಬೆಳಿಗ್ಗೆ 7:40)

ನಿನ್ನೆ ಸಂಜೆ ಶುರು ಮಾಡಿದೆ. ಲಾಂಗ್ ಟೆಸ್ಟ್ ತಪ್ಪಿಲ್ಲದೆ ಮುಗಿದಿತ್ತು. ಸೀರಿಯಲ್ ನಂಬರ್ ನಾನು ಓದಿದೆ, ತಂಗಿ ಸ್ಟಿಕ್ಕರ್ ಫೋಟೊ ತೆಗೆದು ಹೊಂದಿಸಿದಳು. ಪಾರ್ಟಿಷನ್, ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್ ಎಲ್ಲ ಎರಡು ನಿಮಿಷ. ರಾತ್ರಿ 9ಕ್ಕೆ ಪಿವಿಮೂವ್ ಕೊಟ್ಟೆ. 12 ಗಂಟೆಗೆ 61% ಇತ್ತು.

ಒಂದು ಗಂಟೆಗೆ ಮಳೆ, ಕರೆಂಟ್ ಹೋಯಿತು. ಯುಪಿಎಸ್ ಕೂಡ ಮುಗಿಯಿತು, ಸರ್ವರ್ ಆಫ್. ಬೆಳಿಗ್ಗೆ 5ಕ್ಕೆ ಆನ್ ಮಾಡಿದೆ. ಫೈಲ್‌ಗಳೆಲ್ಲ ಇವೆ, ತೆರೆದು ನೋಡಿದೆ, ಸರಿಯಾಗಿವೆ. ಬರೀ ಪಿವಿಮೂವ್ ಕೊಟ್ಟೆ. ಆದರೆ 61ರಿಂದ ಅಲ್ಲ, ಮತ್ತೆ ಸೊನ್ನೆಯಿಂದ ಎಣಿಸುತ್ತಿದೆ. ಏನಾದರೂ ತಪ್ಪಾಗಿದೆಯಾ? ಇನ್ನೊಂದು, ಬೂಟ್ ಆದ ಮೇಲೆ ಡಿಸ್ಕ್ ಹೆಸರುಗಳು ಅದಲು ಬದಲಾಗಿವೆ. ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿದೆ. ಕೈ ನಡುಗುತ್ತಿದೆ ಸರ್.


ತುಮಕೂರು_ಲ್ಯಾಬ್ (ಬುಧವಾರ, ಬೆಳಿಗ್ಗೆ 7:55)

ಏನೂ ತಪ್ಪಾಗಿಲ್ಲ, ಧೈರ್ಯವಾಗಿರಿ. ಹೆಸರು ಬದಲಾದದ್ದಕ್ಕೆ ಎಲ್‌ವಿಎಂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಡಿಸ್ಕ್ ಗುರುತಿಸುವುದು ಒಳಗೆ ಬರೆದಿರುವ ಯುಯುಐಡಿ ಎಂಬ ಗುರುತಿನ ಸಂಖ್ಯೆಯಿಂದ. ತಪ್ಪಾಗುವುದು ನಾವು ಟೈಪ್ ಮಾಡುವಾಗ ಮಾತ್ರ. ಇನ್ನು ಮುಂದೆ ವಿಜಿರೆಡ್ಯೂಸ್ ಕೊಡುವ ಮುಂಚೆ ಪಿವಿಎಸ್ ನೋಡಿ. ಹಳೆ ಡಿಸ್ಕ್‌ನ ಪಿಸೈಜ್, ಪಿಫ್ರೀ ಎರಡೂ ಒಂದೇ ಇರಬೇಕು. ಅಂದರೆ ಅದು ಪೂರ್ತಿ ಖಾಲಿ. ಇನ್ನೂ ಬಳಕೆಯಲ್ಲಿರುವ ಡಿಸ್ಕನ್ನು ವಿಜಿರೆಡ್ಯೂಸ್ ಹೊರಗೆ ಬಿಡುವುದಿಲ್ಲ, ಅದೂ ಒಂದು ಕಾವಲು.

ಸೊನ್ನೆಗೆ ಹೋದದ್ದು ಯಾಕೆ ಅಂದರೆ, ಗುರುತು ಹಾಕುವುದು ಸೆಗ್ಮೆಂಟ್ (ಡಿಸ್ಕ್ ಮೇಲೆ ಎಲ್‌ವಿಯ ಒಂದು ಅಖಂಡ ಭಾಗ) ಮುಗಿದಾಗ. ನಿಮ್ಮ ಎಲ್‌ವಿ ಒಂದೇ ಡಿಸ್ಕ್ ಮೇಲೆ ಒಂದೇ ಉದ್ದ ಸೆಗ್ಮೆಂಟ್. ಅದು ಮುಗಿಯುವ ತನಕ ನಡುವೆ ಗುರುತು ಇಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ನಾನು ಹೇಳಲಿಲ್ಲ.

ಮಳೆಗಾಲ, ಮತ್ತೆ ಹೀಗಾಗಬಹುದು. ಕಂತಿನಲ್ಲಿ ಮಾಡಿ. ಮೊದಲು ಪಿವಿಮೂವ್‌ಗೆ ಅಬಾರ್ಟ್ ಕೊಟ್ಟು ಈಗಿನದನ್ನು ನಿಲ್ಲಿಸಿ, ಡೇಟಾ ಹಳೆ ಡಿಸ್ಕ್‌ನಲ್ಲೇ ಉಳಿಯುತ್ತದೆ. ಎಲ್‌ವಿಎಂ ಡಿಸ್ಕನ್ನು 4 ಎಂಬಿಯ ತುಂಡುಗಳಾಗಿ ಎಣಿಸುತ್ತದೆ, ನಿಮ್ಮ 2 ಟಿಬಿಯಲ್ಲಿ ಸುಮಾರು 4 ಲಕ್ಷ 77 ಸಾವಿರ ತುಂಡುಗಳಿವೆ. ಡಿಸ್ಕ್ ಹೆಸರಿನ ನಂತರ ಕೋಲನ್ ಹಾಕಿ 0-99999 ಎಂದು ಕೊಟ್ಟರೆ ಮೊದಲ ಒಂದು ಲಕ್ಷ ತುಂಡು ಮಾತ್ರ ಹೋಗುತ್ತದೆ. ಅದು ಸುಮಾರು 390 ಜಿಬಿ, ಒಂದು ಗಂಟೆಯ ಮೇಲೆ ಸ್ವಲ್ಪ. ಮುಗಿದದ್ದು ಮುಗಿದ ಹಾಗೆ. ಆಮೇಲೆ 100000-199999. ಹೀಗೆ ಐದು ಕಂತು. ಕೊನೆಯ ಕಂತಿಗೆ ಸಂಖ್ಯೆ ಬೇಡ, ಡಿಸ್ಕ್ ಹೆಸರು ಮಾತ್ರ ಕೊಡಿ, ಉಳಿದದ್ದೆಲ್ಲ ಹೋಗುತ್ತದೆ.


ಚಿಂತಾಮಣಿ_ಸ್ಟುಡಿಯೊ (ಗುರುವಾರ, ಸಂಜೆ 6:15)

ಆಯಿತು ಸರ್! ಐದು ಕಂತಿನಲ್ಲಿ ಮುಗಿಸಿದೆ. ನಡುವೆ ಒಂದು ಸಲ ಕರೆಂಟ್ ಹೋಗಿ ಬಂತು, ಯುಪಿಎಸ್ ತಡೆಯಿತು. ಪಿವಿಎಸ್‌ನಲ್ಲಿ ಹಳೆಯದರ ಪಿಸೈಜ್, ಪಿಫ್ರೀ ಒಂದೇ ಆದ ಮೇಲೆ ವಿಜಿರೆಡ್ಯೂಸ್, ಪಿವಿರಿಮೂವ್ ಕೊಟ್ಟೆ. ಎಲ್‌ವಿಎಕ್ಸ್‌ಟೆಂಡ್‌ಗೆ ಸಣ್ಣ ಆರ್ ಹಾಕಿದ್ದೆ, ಒಂದು ನಿಮಿಷದೊಳಗೆ ಡಿಎಫ್‌ನಲ್ಲಿ 3.4ಟಿ ಬಂತು. ತಂಗಿ ಆಗ ಒಂದು ಆಲ್ಬಂ ಮೇಲೆ ಕೆಲಸ ಮಾಡುತ್ತಿದ್ದಳು. ಅವಳಿಗೆ ಏನೂ ಗೊತ್ತೇ ಆಗಲಿಲ್ಲ.

2 ಟಿಬಿಗೆ ಬೇರೆ ಇಎಕ್ಸ್‌ಟಿ4 ಹಾಕಿ ಫೋಟೊಗಳನ್ನು ಆರ್‌ಸಿಂಕ್ (ಬದಲಾದದ್ದನ್ನು ಮಾತ್ರ ಕಾಪಿ ಮಾಡುವ ಕಮಾಂಡ್) ಮಾಡುತ್ತಿದ್ದೇನೆ. ಬರೀ ಮೂಲ ಫೋಟೊ ಲೆಕ್ಕ ಹಾಕಿದರೆ 700 ಜಿಬಿ, ಡೆಲಿವರಿ ಆಗದ ವಿಡಿಯೊಗಳನ್ನೂ ಸೇರಿಸಬಹುದು. ಎಸ್‌ಎಸ್‌ಡಿಯಲ್ಲಿ 250 ಜಿಬಿ ಎಲ್‌ವಿ ಕೂಡ ಮಾಡಿದೆ.


ಅಂತರಗಂಗೆ_ಸಿಸ್ಟಂ (ಗುರುವಾರ, ಸಂಜೆ 7:00)

ತುಂಬಾ ಖುಷಿಯಾಯಿತು. ಆರ್‌ಸಿಂಕ್ ಮುಗಿದ ಮೇಲೆ ಆ 2 ಟಿಬಿಯನ್ನು ಟವರ್ ಒಳಗೆ ಬಿಡಬೇಡಿ. ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಮನೆಯಲ್ಲಿಡಿ, ಅಂಗಡಿಯಲ್ಲಿ ಬೇಡ. ಸಿಡಿಲಿಗೆ ಒಂದೇ ಪವರ್ ಸಪ್ಲೈ ಮೇಲಿರುವ ಎರಡೂ ಡಿಸ್ಕ್ ಒಟ್ಟಿಗೆ ಹೋಗಬಹುದು. ವಾರಕ್ಕೊಮ್ಮೆ ತಂದು ಆರ್‌ಸಿಂಕ್ ಮಾಡಿ ವಾಪಸ್ ತೆಗೆದುಕೊಂಡು ಹೋಗಿ. ಮತ್ತೆ ಡಿಲೀಟ್ ಆಪ್ಷನ್ ಹಾಕಬೇಡಿ, ಇಲ್ಲಿ ಕೈತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ.


ಚಿಂತಾಮಣಿ_ಸ್ಟುಡಿಯೊ (ಗುರುವಾರ, ರಾತ್ರಿ 9:20)

ಡಿಲೀಟ್ ಹಾಕಿದ್ದೆ ಅಣ್ಣ, ಈಗ ತೆಗೆದೆ. ಯುಎಸ್‌ಬಿ ಕೇಸ್ ಶನಿವಾರ ತರುತ್ತೇನೆ. ಡಿಸ್ಕ್ ತಂಗಿಯ ಮನೆಯಲ್ಲಿ ಇರುತ್ತದೆ, ಅವಳೇ ಪ್ರತಿ ಭಾನುವಾರ ತರುತ್ತೇನೆ ಎಂದಿದ್ದಾಳೆ.